ಹುಳಿಕೆನೆಯ ಗಂಜಿ

ಪಿಂಚಣಿ ತಿನ್ನುವವರು ವರ್ಷಕ್ಕೊಮ್ಮೆ ತಾವಿನ್ನೂ ಸತ್ತಿಲ್ಲವೆಂದು ಸರ್ಕಾರಕ್ಕೆ ತೋರಿಸಿಕೊಳ್ಳಬೇಕು. ಅದಕ್ಕೇ ಮೊನ್ನೆ ಕೂಡ್ಲಿಗಿಗೆ ಹೋಗಿದ್ದೆ. ನರ್ಸ್ ಕೆಲಸದಲ್ಲಿ ಮೂವತ್ತು ವರ್ಷ ಔಷಧದ ನೀರಿನಲ್ಲಿ ತೊಳೆದ ಬೆರಳುಗಳು ನನ್ನವು, ಗೆರೆಗಳೇ ಸವೆದು ಹೋಗಿವೆ. ಯಂತ್ರದ ಮೇಲೆ ನಾಲ್ಕು ಸಲ ಒತ್ತಿದರೂ ಅಚ್ಚು ಹತ್ತಲಿಲ್ಲ. ಐದನೆಯ ಸಲಕ್ಕೆ ನಾನು ಬದುಕಿದ್ದೇನೆಂದು ಅದು ಒಪ್ಪಿಕೊಂಡಿತು. ತಲೆ ಕೆಟ್ಟು ಹೊರಗೆ ಬಂದರೆ ಬಸ್ ನಿಲ್ದಾಣದ ಎದುರು ಒಬ್ಬಳು ಗೋಣಿಯ ಮೇಲೆ ಸಬ್ಬಸಿಗೆ ಸೊಪ್ಪು ಹರವಿಕೊಂಡು ಕೂತಿದ್ದಳು. ಬೇಕೋ ಬೇಡವೋ ಯೋಚಿಸುವ ಮೊದಲೇ ನಾಲ್ಕು ಸಿವುಡು ಎತ್ತಿಕೊಂಡೆ.

“ಮನ್ಯಾಗ ಬಾಣಂತಿ ಅದಾಳೇನ್ರಿ?” ಎಂದು ಕೇಳಿದಳು. ಅಷ್ಟು ಸಬ್ಬಸಿಗೆ ಕೊಂಡರೆ ನಮ್ಮ ಕಡೆ ಯಾರಾದರೂ ಕೇಳುವ ಮಾತೇ ಅದು. ಬಾಣಂತಿಗೆ ಹಾಲು ಇಳಿಯಲೆಂದು ಎರಡು ಹೊತ್ತೂ ತಿನ್ನಿಸುವ ಸೊಪ್ಪು.

“ಅದಾಳ. ನಮ್ಮನ್ಯಾಗಲ್ಲ,” ಎಂದೆ.

ಕೊಟ್ಟೂರಿನ ಬಸ್ಸು ಹತ್ತಿ ಸೊಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ದಾರಿಯುದ್ದಕ್ಕೂ ಡಾಂಬರಿನ ಮೇಲೆ ಮೆಕ್ಕೆಜೋಳ ಒಣಗಲು ಹಾಕಿದ್ದರು, ಬಸ್ಸಿನ ಒಳಗೆಲ್ಲ ಅದರ ರವದಿಯ ಧೂಳು. ಅದರ ಮೇಲೆ ಈ ಸಬ್ಬಸಿಗೆಯ ವಾಸನೆ. ಎರಡೂ ಸೇರಿದ್ದೇ ತಡ, ನಾಲ್ಕು ವರ್ಷದ ಹಿಂದಿನ ಚಳಿಗಾಲ ಬಂದು ಪಕ್ಕದ ಸೀಟಿನಲ್ಲೇ ಕೂತಿತು. ಬೇಡವೆಂದರೂ ಎದ್ದು ಹೋಗಲಿಲ್ಲ.

ಆ ವರ್ಷ ದೀಪಾವಳಿ ಕಳೆದು ಹತ್ತು ದಿನಕ್ಕೆ ನನ್ನ ಒಬ್ಬಳೇ ಮಗಳು ವೀಣಾ ಗಂಡು ಹೆತ್ತಳು. ಅವಳ ಗಂಡನ ಮನೆ ದಾವಣಗೆರೆ. ಚೊಚ್ಚಲ ಬಾಣಂತನ ತವರಿನದು, ಹಾಗಾಗಿ ಐದು ತಿಂಗಳು ನನ್ನ ಬಳಿ ಇರುವುದೆಂದು ಮಾತಾಗಿತ್ತು. ಇವಳಪ್ಪ ಇಲ್ಲ. ಇದ್ದವಳು ನಾನೊಬ್ಬಳೇ ಆದ್ದರಿಂದ ಯಾವ ಕುಂದೂ ಬರಬಾರದೆಂದು ಪಣ ತೊಟ್ಟೆ. ಒಳಕೋಣೆಯ ಕಿಟಕಿಗೆ ಗೋಣಿತಟ್ಟು ಹೊದಿಸಿದೆ. ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಹೊತ್ತು ಹೊತ್ತಿಗೆ ಲೋಬಾನ, ಅಜವಾನದ ಹೊಗೆ. ವೀಣಾಳ ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಸುತ್ತಿದ ಬಟ್ಟೆ. ತಾಯಿ ಮಗುವಿಗೆ ಎಣ್ಣೆ ತಿಕ್ಕಿ ಎರೆಯಲು ಹಾಲಮ್ಮ ಎಂಬಾಕೆಯನ್ನು ಗೊತ್ತು ಮಾಡಿದೆ. ಅವಳು ಹಂಡೆಗಟ್ಟಲೆ ಕುದಿನೀರು ಸುರಿದು, ವೀಣಾಳನ್ನು ಕಂಬಳಿಯಲ್ಲಿ ಸುತ್ತಿ ಮಲಗಿಸಿ ಹೋಗುತ್ತಿದ್ದಳು.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಹಡಗಲಿ ಸೀಮೆಯ ಹಳ್ಳಿಹಳ್ಳಿ ತಿರುಗಿ, ಬಾಣಂತಿಯ ಕೋಣೆಗೆ ಹೊಗೆ ಹಾಕಬೇಡಿ, ಕಿಟಕಿ ತೆಗೆಯಿರಿ ಎಂದು ಗಂಟಲು ಹರಿದುಕೊಂಡವಳು ನಾನೇ. ಎಷ್ಟು ಮನೆಯ ಅತ್ತೆಯಂದಿರ ಜೊತೆ ಜಗಳವಾಡಿಲ್ಲ. ನನ್ನ ಮನೆಯ ಬಾಗಿಲಿಗೆ ಬಂದಾಗ ಆ ಬುದ್ಧಿಯೆಲ್ಲ ಎಲ್ಲಿಗೆ ಹೋಯಿತೋ.

ಅದೇ ತಿಂಗಳು ನಮ್ಮ ಮನೆಯ ಪಕ್ಕದ ಭಾಗಕ್ಕೆ ಬಾಡಿಗೆಗೆ ಬಂದವರು ಎರಿಕ್ ಮತ್ತು ಮಾರಿಟ್. ನಾರ್ವೆ ದೇಶದವರು. ಹರಪನಹಳ್ಳಿ ಕಡೆಯ ಗುಡ್ಡಗಳ ಮೇಲೆ ಕರೆಂಟು ತೆಗೆಯುವ ಗಾಳಿ ಫ್ಯಾನುಗಳಿವೆಯಲ್ಲ, ಅವುಗಳ ಕೆಲಸಕ್ಕೆ ಬಂದ ಇಂಜಿನಿಯರ್ ಅವನು. ಬೆಳಗಾದರೆ ಗುಡ್ಡಕ್ಕೆ ಹೋಗಿಬಿಡುತ್ತಿದ್ದ, ಅವನಿಂದ ನನಗೇನೂ ತೊಂದರೆಯಿರಲಿಲ್ಲ. ತೊಂದರೆಯೆಲ್ಲ ಅವನ ಹೆಂಡತಿ ಮಾರಿಟಳದು. ಅವಳಿಗೆ ನಾಲ್ಕು ತಿಂಗಳ ಹೆಣ್ಣುಕೂಸು, ನೋರಾ. ಆ ಕೂಸನ್ನು ಅವಳು ಬಯಲಲ್ಲಿ ಮಲಗಿಸುತ್ತಿದ್ದಳು.

ದೊಡ್ಡ ಗಾಲಿಗಳ ಒಂದು ತಳ್ಳುಗಾಡಿ. ಬೆಳಿಗ್ಗೆ ಇಬ್ಬನಿ ಆರುವ ಮೊದಲೇ ಅದರೊಳಗೆ ಕೂಸನ್ನಿಟ್ಟು, ಮೇಲೊಂದು ಸೊಳ್ಳೆಪರದೆ ಎಳೆದು, ಅಂಗಳದ ಬೇವಿನ ಮರದ ಕೆಳಗೆ ನಿಲ್ಲಿಸಿ ಒಳಗೆ ಹೋಗಿಬಿಡುತ್ತಿದ್ದಳು. ಮತ್ತೆ ಮಧ್ಯಾಹ್ನ ಇನ್ನೊಂದು ಸಲ. ಕೇಳಿದರೆ, ಅವರ ದೇಶದಲ್ಲಿ ಹಿಮ ಬಿದ್ದಾಗಲೂ ಕೂಸುಗಳನ್ನು ಹೀಗೆ ಹೊರಗೇ ಮಲಗಿಸುತ್ತಾರಂತೆ. ಉಣ್ಣೆಯ ಬಟ್ಟೆ ತೊಡಿಸಿದರಾಯಿತಂತೆ, ಬಯಲಿನ ಗಾಳಿಯಲ್ಲಿ ನಿದ್ದೆ ಚೆನ್ನಾಗಿ ಹತ್ತುತ್ತದಂತೆ. ಹವೆ ಕೆಟ್ಟದ್ದು ಅಂತ ಇರುವುದೇ ಇಲ್ಲ, ತೊಟ್ಟ ಬಟ್ಟೆ ಕೆಟ್ಟದ್ದಿರಬಹುದು ಅಷ್ಟೇ ಎಂದು ಅವರಲ್ಲಿ ಗಾದೆಯಂತೆ. ನನ್ನ ಹರಕು ಇಂಗ್ಲಿಷಿನಲ್ಲಿ, ನಿಮ್ಮ ಗಾದೆ ನಿಮ್ಮ ಊರಲ್ಲಿರಲಿ, ಇದು ಕೊಟ್ಟೂರು ಎಂದೆ. ಅವಳು ನಕ್ಕಳು. ನನಗೆ ಇನ್ನೂ ಉರಿಯಿತು.

ಎಂಟು ದಿನ ಹಲ್ಲು ಕಚ್ಚಿಕೊಂಡಿದ್ದೆ. ಒಂಬತ್ತನೆಯ ದಿನ ಮೂಡಗಾಳಿ ಬೀಸುತ್ತಿತ್ತು. ಬೇವಿನ ಎಲೆಗಳು ಉದುರಿ ಪರದೆಯ ಮೇಲೆ ಬೀಳುತ್ತಿದ್ದವು. ತಡೆಯಲಾರದೆ ಹೋಗಿ ನೋರಾಳನ್ನು ಎತ್ತಿಕೊಂಡು ಬಂದೆ. ನಮ್ಮ ಅಡುಗೆಮನೆಯ ಒಲೆಯ ಮುಂದೆ ಕೂತು, ಅದರ ಕಿವಿ ಮುಚ್ಚುವಂತೆ ಬಟ್ಟೆ ಕಟ್ಟಿ ತೊಡೆಯ ಮೇಲೆ ಹಾಕಿಕೊಂಡೆ. ಅದೂ ಸುಮ್ಮನೆ ನಿದ್ದೆ ಮಾಡಿತು. ಸ್ವಲ್ಪ ಹೊತ್ತಿಗೆ ಅಂಗಳದಿಂದ ಒಂದು ಕೂಗು ಕೇಳಿತು. ಮಾರಿಟ್ ಒದ್ದೆ ತಲೆಯಲ್ಲೇ ಬರಿದಾದ ಗಾಡಿ ಹಿಡಿದುಕೊಂಡು ನಿಂತಿದ್ದಳು. ನನ್ನ ಕೈಯಲ್ಲಿ ಕೂಸನ್ನು ಕಂಡದ್ದೇ ಕಸಿದುಕೊಂಡು, ಅಂಗಳದ ಕಲ್ಲಿನ ಮೇಲೆ ಕುಸಿದು ಅತ್ತಳು. ಮನೆಯೊಡತಿ ಕೂಸನ್ನು ಒಳಗೆ ಕರೆದೊಯ್ದರೆ ಅದರಲ್ಲಿ ಅಳುವಂಥದ್ದೇನೆಂದು ನನಗೆ ತಿಳಿಯಲಿಲ್ಲ. ನಮ್ಮ ಓಣಿಯಲ್ಲಿ ಯಾರ ಕೂಸು ಯಾರ ಬಗಲಲ್ಲಿರುತ್ತದೋ ಯಾರು ಕೇಳುತ್ತಾರೆ. ಹೇಳದೆ ಎತ್ತಿಕೊಳ್ಳಬಾರದು ಎಂದು ಅವಳು ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ನನಗೆ ಹೇಳಿದಳು. ಸಾವಿರ ಹೆರಿಗೆ ಮಾಡಿಸಿದ ನನಗೆ.

ಭಾನುವಾರ ಬಂತೆಂದರೆ ಇನ್ನೊಂದು ಹುಚ್ಚು. ಗಂಡ ಹೆಂಡತಿ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಗುಡ್ಡ ಹತ್ತುವುದು. ಕಾಗದದಲ್ಲಿ ಸುತ್ತಿದ ಬ್ರೆಡ್ಡು, ಎರಡು ಕಿತ್ತಳೆ, ಫ್ಲಾಸ್ಕಿನಲ್ಲಿ ಕರಿಕಾಫಿ. ತುದಿಯಲ್ಲಿ ಕೂತು ಅದನ್ನು ತಿಂದು ಇಳಿದು ಬರುವುದು, ಅಷ್ಟೇ. ದ್ಯಾವ್ರಿಲ್ಲ, ಕಟ್ಟಿಗಿಲ್ಲ, ಆ ಗುಡ್ಡದಾಗ ಇವರ್ದೇನೈತ್ರಿ ನರ್ಸಮ್ಮ ಎಂದು ಹಾಲಮ್ಮ ಕೇಳುತ್ತಿದ್ದಳು. ನನಗೇನು ಗೊತ್ತು. ಆದರೆ ಇಳಿದು ಬರುವಾಗ ಮೂವರ ಮುಖವೂ ಕೆಂಪಗಾಗಿ, ಹಬ್ಬ ಮಾಡಿ ಬಂದವರಂತೆ ಇರುತ್ತಿದ್ದರು. ಅದನ್ನು ನೋಡಿದರೂ ನನಗೆ ಸಿಟ್ಟೇ ಬರುತ್ತಿತ್ತು.

ನಮ್ಮಿಬ್ಬರಿಗೂ ಕೂಡಿಬಂದದ್ದು ಒಂದೇ ವಿಷಯ, ಈ ಸಬ್ಬಸಿಗೆ. ಸಂತೆಯಲ್ಲಿ ಇದನ್ನು ಕಂಡು ಮಾರಿಟ್ ಕಳೆದುಹೋದ ತಂಗಿ ಸಿಕ್ಕವಳ ಹಾಗೆ ಮೂಗಿಗೆ ಹಿಡಿದುಕೊಂಡಳು. ಅವರಲ್ಲೂ ದಿನಾ ತಿನ್ನುವ ಸೊಪ್ಪಂತೆ. ನಾನು ಬೇಳೆ ಹಾಕಿ ಪಲ್ಯ ಮಾಡಿ, ಬಿಸಿರೊಟ್ಟಿಯ ಜೊತೆ ಒಂದು ತಟ್ಟೆ ಕೊಟ್ಟೆ. ಅವಳು ಬೆಂದ ಆಲೂಗಡ್ಡೆಯ ಮೇಲೆ ಬೆಣ್ಣೆ ಸವರಿ, ಹಸಿ ಸಬ್ಬಸಿಗೆಯನ್ನೇ ಉದುರಿಸಿ ತಂದುಕೊಟ್ಟಳು. ಮನೆಯಲ್ಲಾದರೆ ಇದನ್ನು ಮೀನಿನ ಜೊತೆ ತಿನ್ನುತ್ತೇವೆ ಎಂದಳು. ಶಿವ ಶಿವ ಎಂದುಕೊಂಡು, ಆಲೂಗಡ್ಡೆ ಮಾತ್ರ ತಿಂದೆ. ಸುಳ್ಳೇಕೆ ಹೇಳಲಿ, ರುಚಿಯಾಗಿತ್ತು.

ಒಳಗೆ ವೀಣಾ ದಿನದಿನಕ್ಕೆ ಮಾತು ಕಡಿಮೆ ಮಾಡುತ್ತಿದ್ದಳು. ತಟ್ಟೆ ಇಟ್ಟರೆ ಎರಡು ತುತ್ತು. ಕೂಸು ಅತ್ತರೆ ಎತ್ತಿಕೊಳ್ಳದೆ ಗೋಡೆ ನೋಡುತ್ತ ಕೂರುವಳು. ಹೊಗೆಗೆ ಕಣ್ಣು ಕೆಂಪಾಗಿವೆ ಎಂದುಕೊಂಡಿದ್ದೆ, ಅಳುತ್ತಿದ್ದಳೆಂದು ಗೊತ್ತಾದದ್ದು ಹಾಲಮ್ಮ ಹೇಳಿದ ಮೇಲೆ. ಅವಳ ಮುಖ ಅರಳುತ್ತಿದ್ದದ್ದು ಒಂದೇ ಹೊತ್ತಿನಲ್ಲಿ. ಅವಳ ಕೋಣೆಯ ಕಿಟಕಿಯ ಹೊರಗೇ ಬೇವಿನ ಮರ. ನಾನು ಎಮ್ಮೆಯ ಕೆಲಸಕ್ಕೆ ಹಿತ್ತಲಿಗೆ ಹೋದಾಗ ಇವಳು ಗೋಣಿತಟ್ಟಿನ ಮೂಲೆ ಎತ್ತಿ, ಗಾಡಿಯ ಪಕ್ಕ ಕೂತು ಹೆಣೆಯುತ್ತಿದ್ದ ಮಾರಿಟಳ ಜೊತೆ ಮಾತಾಡುತ್ತಿದ್ದಳು. ಬಿ.ಎಡ್. ಓದಿದವಳು, ಇಂಗ್ಲಿಷು ಬರುತ್ತಿತ್ತು. ಒಂದು ದಿನ ಅವಳು ಕಂದು ಬಣ್ಣದ ಏನನ್ನೋ ಚೀಪುತ್ತಿದ್ದಳು. ಹಾಲೊಡಕಿನ ನೀರನ್ನು ದಿನವಿಡೀ ಕಾಯಿಸಿ ಗಟ್ಟಿ ಮಾಡಿದ ನಾರ್ವೆಯ ಗಿಣ್ಣದಂಥದ್ದಂತೆ, ಉಪ್ಪು ಬೆರೆತ ಖೋವಾದ ರುಚಿ. ಬಾಯಿಯಿಂದ ತೆಗೆಸಿ ಉಗುಳಿಸಿದೆ. ಇಪ್ಪತ್ತಾರು ವರ್ಷದ ಮಗಳ ಬಾಯಿಗೆ ಬೆರಳು ಹಾಕಿ.

ಮಾರನೆಯ ದಿನ ಮಾರಿಟ್ ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡಳು. ನಿಮ್ಮ ಮಗಳಿಗೆ ಕಾಯಿಲೆಯಾಗುತ್ತಿದೆ, ದೇಹಕ್ಕಲ್ಲ, ಮನಸ್ಸಿಗೆ. ಅವಳಿಗೆ ಬಿಸಿಲು ಬೇಕು, ದಿನಕ್ಕೊಂದು ಗಂಟೆ ನನ್ನ ಪಕ್ಕ ಬಂದು ಕೂರಲಿ, ಎಂದಳು. ನಮ್ಮಲ್ಲಿ ಚಳಿಗಾಲವೆಂದರೆ ಸೂರ್ಯನೇ ಏಳದ ದಿನಗಳಿವೆ, ಅಂಥ ಕತ್ತಲೆಯಲ್ಲೂ ನಾವು ಬಾಗಿಲು ಹಾಕಿಕೊಂಡು ಕೂರುವುದಿಲ್ಲ, ನೀವು ಇಷ್ಟು ಬಿಸಿಲಿಟ್ಟುಕೊಂಡು ಕತ್ತಲೆ ಮಾಡಿದ್ದೀರಿ ಎಂದಳು. ಆಮೇಲೆ ಕೇಳಿದಳು: ನಿಮಗೆ ಯಾವುದರ ಭಯ, ಗಿರಿಜಮ್ಮ?

ಹೇಳಬಹುದಿತ್ತು. ವೀಣಾಳಿಗಿಂತ ಮೊದಲು ನನಗೊಬ್ಬ ಮಗ ಹುಟ್ಟಿದ್ದ. ಆಗ ಇಟ್ಟಿಗಿ ಕಡೆ ನನ್ನ ಕೆಲಸ. ರಜೆ ಮುಗಿಯಿತೆಂದು ಎರಡು ತಿಂಗಳ ಕೂಸನ್ನು ಎತ್ತಿಕೊಂಡು ಬಸ್ಸಿನಲ್ಲಿ ಓಡಾಡಿದೆ. ಬಸ್ಸಿನ ಕಿಟಕಿಗೆ ಗಾಜಿರಲಿಲ್ಲ, ಪುಷ್ಯ ಮಾಸದ ಗಾಳಿ. ಕೂಸಿಗೆ ಎದೆ ಕಟ್ಟಿತು, ಮೂರು ದಿನಕ್ಕೆ ಹೋಯಿತು. ಗಾಳಿಗೆ ಒಡ್ಡಿ ಕೂಸು ಕಳೆದುಕೊಂಡಳು ಎಂದು ನನ್ನ ಅತ್ತೆ ಸಾಯುವವರೆಗೂ ಅಂದರು. ಗಾಳಿಯಿಂದ ನ್ಯುಮೋನಿಯಾ ಬರುವುದಿಲ್ಲವೆಂದು ನಾನು ಓದಿದ್ದೇನೆ, ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೇನೆ. ಗೊತ್ತಿದ್ದು ಏನು ಬಂತು. ಆ ಮಾತು ಎದೆಯೊಳಗೆ ಕೂತುಬಿಟ್ಟಿತ್ತು. ವೀಣಾಗೂ ಇದನ್ನು ಹೇಳಿರಲಿಲ್ಲ, ಇನ್ನು ಈ ಪರದೇಶದವಳಿಗೆ ಹೇಳುತ್ತೇನೆಯೇ. ನಿಮ್ಮ ಕೂಸು ನೀವು ನೋಡಿಕೊಳ್ಳಿ, ನನ್ನದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಎದ್ದು ಬಂದೆ.

ಅವಳು ಕೋಪ ಮಾಡಿಕೊಳ್ಳಲಿಲ್ಲ. ಅದೇ ನನಗೆ ಕಷ್ಟ. ಮರುದಿನದಿಂದ ನನ್ನ ಬಳಿ ದಿನಕ್ಕೆ ಒಂದು ಲೀಟರು ಹಾಲು ಹೆಚ್ಚು ಕೊಳ್ಳತೊಡಗಿದಳು. ಕೆನೆ ತೆಗೆದು ತೆಗೆದು ಒಂದು ಗಾಜಿನ ಭರಣಿಯಲ್ಲಿ ಕೂಡಿಟ್ಟು ಹುಳಿ ಬರಿಸಿದಳು. ಐದನೆಯ ದಿನ ಆ ಕೆನೆಯನ್ನು ಒಲೆಯ ಮೇಲಿಟ್ಟು, ಹಿಟ್ಟು ಉದುರಿಸಿ, ತುಪ್ಪ ಮೇಲೇಳುವವರೆಗೆ ತಿರುವಿ, ಹಾಲು ಹೊಯ್ದು ಗಂಜಿ ಮಾಡಿದಳು. ಮೇಲೆ ಸಕ್ಕರೆ, ದಾಲ್ಚಿನ್ನಿ ಪುಡಿ. ಸ್ಟೀಲಿನ ಒಂದು ಹಿಡಿಕೆ ಡಬ್ಬಿಗೆ ಕೆಂಪು, ನೀಲಿ ಬಣ್ಣದಲ್ಲಿ ತಾನೇ ಹೂಬಳ್ಳಿ ಬರೆದು, ಅದರಲ್ಲಿ ತುಂಬಿಕೊಂಡು ಬಂದಳು. ಅವರ ಹಳ್ಳಿಗಳಲ್ಲಿ ಹಿಂದಿನಿಂದ ಬಂದ ಪದ್ಧತಿಯಂತೆ. ಯಾರಾದರೂ ಹೆತ್ತರೆ ನೆರೆಯ ಹೆಂಗಸರು ಹೀಗೆ ಹೂ ಬರೆದ ಪಾತ್ರೆಯಲ್ಲಿ ಈ ಗಂಜಿ ಹೊತ್ತು ಬಾಣಂತಿಯನ್ನು ನೋಡಲು ಹೋಗುತ್ತಾರಂತೆ. ಅವಳ ಅಜ್ಜಿ ಹೊತ್ತಿದ್ದಳಂತೆ, ಅವಳಮ್ಮನೂ ಹೊತ್ತಿದ್ದಳಂತೆ. ಇಲ್ಲಿ ಅವಳ ನೆರೆಯವಳೆಂದರೆ ವೀಣಾ.

ಬಾಗಿಲಲ್ಲೇ ಡಬ್ಬಿ ಈಸಿಕೊಂಡೆ. ಮಲಗಿದ್ದಾಳೆ, ಎದ್ದ ಮೇಲೆ ಕೊಡುತ್ತೇನೆ ಎಂದೆ. ಮುಚ್ಚಳ ತೆಗೆದರೆ ಹುಳಿವಾಸನೆ ಮೂಗಿಗೆ ಹೊಡೆಯಿತು. ಬಾಣಂತಿಗೆ ಹುಳಿ, ಅದರಲ್ಲೂ ಐದು ದಿನದ ಹಳೆಯ ಕೆನೆ. ಹಾಲಮ್ಮ ಮೂಗು ಮುಚ್ಚಿಕೊಂಡು, ಇದನ್ನ ಉಂಡ್ರ ಕೂಸಿಗೆ ನಂಜಾಗತೈತ್ರಿ ನರ್ಸಮ್ಮ ಎಂದಳು. ಅವಳು ಹೇಳದಿದ್ದರೂ ನಾನು ಅದನ್ನೇ ಮಾಡುತ್ತಿದ್ದೆ, ಅವಳ ಮೇಲೆ ಹಾಕುವುದಿಲ್ಲ. ಹಿತ್ತಲಿಗೆ ಹೋಗಿ ಇಡೀ ಗಂಜಿಯನ್ನು ಎಮ್ಮೆಯ ಬಾನಿಗೆ ಸುರಿದೆ. ತನ್ನದೇ ಹಾಲಿನ ಕೆನೆಯನ್ನು ಎಮ್ಮೆ ಬಾನಿ ನೆಕ್ಕಿ ನೆಕ್ಕಿ ತಿಂದಿತು.

ಬಂದ ಪಾತ್ರೆಯನ್ನು ಬರಿದು ಕಳಿಸಬಾರದು ಎನ್ನುವ ಶಾಸ್ತ್ರ ಮಾತ್ರ ನನಗೆ ಮರೆಯಲಿಲ್ಲ. ಡಬ್ಬಿ ತೊಳೆದು ಹನ್ನೆರಡು ಅಂಟಿನುಂಡೆ ತುಂಬಿ ಕೊಟ್ಟುಬಂದೆ. ವೀಣಾಳಿಗೆ ಬಹಳ ಹಿಡಿಸಿತು ಎಂದೂ ಸೇರಿಸಿದೆ. ಮಾರಿಟಳ ಕಣ್ಣು ತುಂಬಿ ಬಂದವು. ಅವಳು ನನ್ನನ್ನು ಅಪ್ಪಿಕೊಂಡಾಗ ಮರದ ಕೊರಡಿನ ಹಾಗೆ ನಿಂತೆ. ಸಂಜೆ ಅವಳು ಕಿಟಕಿಯ ಬಳಿ ಹೋಗಿ ಗಂಜಿ ಹೇಗಿತ್ತೆಂದು ವೀಣಾಳನ್ನೇ ಕೇಳಿದ್ದು ನನಗೆ ಅಡುಗೆಮನೆಯಿಂದ ಕೇಳಿಸಿತು. ಚೆನ್ನಾಗಿತ್ತು, ಬಹಳ ದಿನದ ಮೇಲೆ ಹೊಟ್ಟೆ ತುಂಬ ತಿಂದೆ ಎಂದಳು ವೀಣಾ. ಬೆಳಗಿನ ಗೋಧಿ ಪಾಯಸವನ್ನೇ ಅದೆಂದು ತಿಳಿದಿರಬೇಕು, ಶಿವ ಕಾಪಾಡಿದ ಎಂದುಕೊಂಡೆ.

ಆ ಕಿಟಕಿಯಿಂದಲೇ ಇಷ್ಟೆಲ್ಲ ರಗಳೆ ಎಂದು ಮರುದಿನ ಗೋಣಿತಟ್ಟಿನ ನಾಲ್ಕೂ ಮೂಲೆಗೆ ಮೊಳೆ ಹೊಡೆದೆ. ನಾನು ಹೊಡೆಯುವಷ್ಟು ಹೊತ್ತೂ ವೀಣಾ ಹೊರಸಿನ ಮೇಲೆ ಕೂತು ನೋಡುತ್ತಿದ್ದಳು. ಮುಂದಿನ ವಾರ ಗಂಡನಿಗೆ ಫೋನು ಮಾಡಿ ಕರೆಸಿಕೊಂಡಳು. ಐದು ತಿಂಗಳ ಬಾಣಂತನ ಎರಡೂವರೆ ತಿಂಗಳಿಗೆ ಮುಗಿಯಿತು. ಕಾರಣ ಕೇಳಿದೆ, ಜಗಳವಾಡಿದೆ, ಜನ ಏನಂದಾರು ಎಂದೆ. ಹೊಸ್ತಿಲು ದಾಟುವಾಗ ಒಂದೇ ಮಾತು ಹೇಳಿದಳು.

“ಅವ್ವ, ನಂಗ ಉಸಿರು ಕಟ್ಟತೈತಿ.”

ಅಂಗಳದಲ್ಲಿ ತಳ್ಳುಗಾಡಿಯ ಪಕ್ಕ ಮಾರಿಟ್ ನಿಂತಿದ್ದಳು. ವೀಣಾ ತಲೆಯ ಬಟ್ಟೆ ಬಿಚ್ಚಿ ಅವಳನ್ನು ಅಪ್ಪಿಕೊಂಡು, ಸ್ವಲ್ಪ ಹೊತ್ತು ಬೇವಿನ ಕೆಳಗಿನ ಬಿಸಿಲಿನಲ್ಲಿ ಸುಮ್ಮನೆ ನಿಂತಿದ್ದಳು. ಕಾರು ಬಂತು, ಹೋದಳು.

ಯುಗಾದಿಯ ಹೊತ್ತಿಗೆ ಎರಿಕ್‌ನ ಕೆಲಸವೂ ಮುಗಿದು ಅವರೂ ಹೊರಟರು. ನೋರಾ ಆಗಲೇ ಬಿಸಿಲಿಗೆ ಕೆಂಪಗೆ, ಗುಂಡುಕಲ್ಲಿನಂತೆ ಇತ್ತು. ಒಂದು ಸೀನೂ ಸೀನಿರಲಿಲ್ಲ. ಗಾಡಿಯನ್ನು ವೀಣಾಳಿಗೆಂದು ಬಿಟ್ಟುಹೋದರು, ಅದರೊಳಗೆ ಹೂ ಬರೆದ ಆ ಡಬ್ಬಿ. ಕಳಿಸುವುದು ಹೇಗೆಂದು ನೆಪ ಹೇಳಿಕೊಂಡು ಅಟ್ಟಕ್ಕೆ ಹಾಕಿದೆ. ಆಮೇಲೆ ಪ್ರತಿ ಬೇಸಿಗೆ ಗಾಡಿಯನ್ನು ಇಳಿಸಿ ಅದರಲ್ಲಿ ಮೆಣಸಿನಕಾಯಿ ಒಣಗಿಸಿದೆ. ಕೆಲಸಕ್ಕೇನೋ ಬಂತು.

ಈ ವರ್ಷ ವೀಣಾ ಮತ್ತೆ ಬಸಿರಾದಳು. ಮೊದಲ ಬಾಣಂತನದ ತಪ್ಪನ್ನು ಸರಿಮಾಡಲು ದೇವರು ಇನ್ನೊಂದು ಅವಕಾಶ ಕೊಟ್ಟನೆಂದು ಕೋಣೆಗೆ ಸುಣ್ಣ ಹೊಡೆಸಿದೆ. ಕಿಟಕಿಯ ಮೊಳೆ ಕೀಳಿಸಿದೆ, ಗಾಜು ಹಾಕಿಸಿದೆ. ಏಳನೆಯ ತಿಂಗಳಲ್ಲಿ ಕರೆಯಲು ಹೋದರೆ, ಇಲ್ಲೇ ಇರ್ತೀನವ್ವ, ಅತ್ತಿ ನೋಡಿಕೊಳ್ತಾರ, ನೀನ್ಯಾಕ ಕಷ್ಟಪಡ್ತಿ ಎಂದಳು. ಎಷ್ಟು ಮೆತ್ತಗೆ ಹೇಳಿದಳೆಂದರೆ ಜಗಳವಾಡಲು ಎಲ್ಲಿಯೂ ಹಿಡಿಕೆಯೇ ಸಿಗಲಿಲ್ಲ. ತಾಯಿ ಬದುಕಿರುವಾಗ ಮಗಳ ಬಾಣಂತನ ಅತ್ತೆ ಮಾಡಿದಳೆಂದರೆ ನಮ್ಮಲ್ಲಿ ಅದಕ್ಕಿಂತ ಅವಮಾನವಿಲ್ಲ. ಹಾಲಮ್ಮ ಎರಡು ಸಲ ಬಂದು ಕೇಳಿ ಹೋದಳು. ಎರಡನೆಯ ಸಲ ಅವಳ ಮುಖಕ್ಕೇ ಬಾಗಿಲು ಹಾಕಿದೆ.

ಹೆಣ್ಣು ಹುಟ್ಟಿದೆಯೆಂದು ಅಳಿಯ ತಿಳಿಸಿದ. ಹೆಸರಿಡುವ ದಿನ ನೆಂಟಳಂತೆ ಹೋಗಿ ನೆಂಟಳಂತೆ ಬಂದೆ. ಇಪ್ಪತ್ತು ದಿನದ ಮೇಲೆ, ಹೋದ ವಾರ, ವೀಣಾಳ ಫೋನು. “ಅವ್ವ, ಆ ಗಾಡಿ ಐತೇನು? ಬರುವಾಗ ತಗೊಂಬಾ.” ಬಾ ಎಂದು ಕರೆದದ್ದು ನನ್ನನ್ನೋ ಗಾಡಿಯನ್ನೋ ಎಂದು ಕೇಳಬೇಕೆನಿಸಿತು. ಅಟ್ಟದಿಂದ ಇಳಿಸಿ, ಮೆಣಸಿನಕಾಯಿಯ ಘಾಟು ಹೋಗುವವರೆಗೆ ಮೂರು ಸಲ ತೊಳೆದು ಬೇವಿನ ಕೆಳಗೆ ಒಣಗಿಸಿದೆ. ಡಬ್ಬಿಯೂ ಸಿಕ್ಕಿತು. ಹೂವಿನ ಬಣ್ಣ ಒಂದು ಕಡೆ ಎದ್ದುಹೋಗಿತ್ತು.

ಅವತ್ತಿನಿಂದಲೇ ಕೆನೆ ಕೂಡಿಡತೊಡಗಿದೆ. ಮೊನ್ನೆ ಸಬ್ಬಸಿಗೆ ಕೊಂಡು ಬಂದವಳು ರಾತ್ರಿ ಮಲಗುವ ಮೊದಲು ಭರಣಿಯ ಮುಚ್ಚಳ ತೆಗೆದು ನೋಡಿದೆ, ಹುಳಿ ಬಂದಿತ್ತು. ನಿನ್ನೆ ಬೆಳಿಗ್ಗೆ ಎದ್ದು, ಮಾರಿಟ್ ತಿರುವುತ್ತಿದ್ದುದನ್ನು ನೆನಪು ಮಾಡಿಕೊಂಡು ಮಾಡಿದೆ. ಮೊದಲ ಸಲ ಗಂಟುಗಂಟಾಯಿತು. ಎರಡನೆಯ ಸಲ ತುಪ್ಪ ಮೇಲೆದ್ದಿತು. ಗಾಡಿಯನ್ನು ಬಸ್ಸಿನ ಮೇಲೆ ಹಾಕಿಸಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಕೂಸಿನ ಕಿವಿ ಮುಚ್ಚುವ ಹಾಗೆ ನಾನೇ ಹೊಲಿದ ಕುಂಚಿಗೆಯನ್ನು ಸಬ್ಬಸಿಗೆಯ ಜೊತೆ ಚೀಲದಲ್ಲಿಟ್ಟುಕೊಂಡು ದಾವಣಗೆರೆಗೆ ಹೋದೆ.

ವೀಣಾ ಮನೆಯ ಮುಂದಿನ ಹೊಂಗೆಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಒದ್ದೆ ಕೂದಲು ಬೆನ್ನ ಮೇಲೆ ಹರಡಿತ್ತು. ಗಾಡಿ ನೋಡಿ ಮುಖ ಅರಳಿತು. ಕೂಸನ್ನು ಅದರಲ್ಲಿ ಮಲಗಿಸಿ, ಪರದೆ ಎಳೆದು, ಒಂದು ಕೈಯಲ್ಲಿ ತೂಗುತ್ತ ಕೂತಳು. ನಾನು ಡಬ್ಬಿ ಮುಂದೆ ಹಿಡಿದೆ. ಹೂವನ್ನು ಬೆರಳಿನಿಂದ ಸವರಿ ನೋಡಿದಳು. ಮುಚ್ಚಳ ತೆಗೆದಳು. ಒಂದು ಚಮಚ ಬಾಯಿಗಿಟ್ಟಳು, ಇನ್ನೊಂದು.

“ಎಮ್ಮಿಗೂ ಒಂದೀಟು ಇಟ್ಟು ಬಂದಿಯೇನವ್ವ?” ಎಂದಳು.

ಕೊಟ್ಟೂರಿನ ನಮ್ಮ ಮನೆಯಲ್ಲಿ ಗೋಡೆಯ ಆ ಬದಿ ಹಿತ್ತಲು, ಈ ಬದಿ ಅವಳ ಕೋಣೆ. ನಡುವೆ ಒಂದು ಬೆಳಕಿಂಡಿ ಇತ್ತು, ಹೊಗೆ ಹೋಗಲೆಂದು ನಾನೇ ಅದನ್ನು ಮುಚ್ಚದೆ ಬಿಟ್ಟಿದ್ದೆ. ಅಂದರೆ ಎಲ್ಲವನ್ನೂ ನೋಡಿದ್ದಳು. ನೋಡಿಯೂ ಮಾರಿಟಳ ಮುಂದೆ ನನ್ನ ಮಾನ ಕಾದಿದ್ದಳು. ನಾಲ್ಕು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು.

“ಇಲ್ಲವ್ವ,” ಎಂದೆ. “ಎಲ್ಲಾ ನಿನಗ ತಂದೀನಿ.”

ಆಮೇಲೆ ಅವಳಿಗೆ ಅವಳ ಅಣ್ಣನ ವಿಷಯ ಹೇಳಿದೆ. ಇಟ್ಟಿಗಿಯ ಬಸ್ಸು, ಗಾಜಿಲ್ಲದ ಕಿಟಕಿ, ಮೂರು ದಿನ. ಅವಳು ಚಮಚ ಹಿಡಿದುಕೊಂಡೇ ಕೇಳಿಸಿಕೊಂಡಳು. ಮುಗಿದ ಮೇಲೆ ಗಾಡಿಯ ಹಿಡಿಕೆಯನ್ನು ನನ್ನ ಕಡೆ ತಿರುಗಿಸಿ, ಸ್ವಲ್ಪ ತೂಗು, ನಾ ಉಣ್ತೀನಿ ಎಂದಳು. ಅವಳು ಡಬ್ಬಿ ಬಳಿದು ತಿನ್ನುವವರೆಗೂ ನಾನು ತೂಗುತ್ತ ಕೂತಿದ್ದೆ. ಗಾಳಿ ಬೀಸುತ್ತಿತ್ತು. ಕೂಸಿನ ಎರಡೂ ಕಿವಿ ಬಯಲಿಗಿದ್ದವು. ಕುಂಚಿಗೆಯನ್ನು ನಾನು ಚೀಲದಿಂದ ತೆಗೆಯಲಿಲ್ಲ.